ಕಷ್ಟದಲ್ಲಿರುವ ಮನೆಗೆ ಸಭೆಯ ಪರವಾಗಿ ಹೋಗುವವರಿಗೆ

ಭಾನುವಾರದ ಆರಾಧನೆಯ ಕೊನೆಯಲ್ಲಿ ಪ್ರಕಟಣೆ ಬರುತ್ತದೆ. ಇಂಥವರ ಮನೆಯಲ್ಲಿ ಕಾಯಿಲೆ, ಇಂಥವರ ಕೆಲಸ ಹೋಗಿದೆ, ಇಂಥವರ ಮನೆಯಲ್ಲಿ ಸಾವಾಗಿದೆ, ಎಲ್ಲರೂ ಪ್ರಾರ್ಥನೆಯಲ್ಲಿ ನೆನಪಿಸಿಕೊಳ್ಳಿರಿ. ಸಂಜೆಯ ಹೊತ್ತಿಗೆ ನಾಲ್ಕೈದು ಜನ ಸತ್ಯವೇದ ಹಿಡಿದು ಆ ಮನೆಯ ಬಾಗಿಲಲ್ಲಿ ನಿಂತಿರುತ್ತಾರೆ. ಹೋಗಬೇಕೆಂಬ ಮನಸ್ಸಿಗೆ ನಮ್ಮ ಕ್ರೈಸ್ತ ಸಭೆಗಳಲ್ಲಿ ಕೊರತೆಯಿಲ್ಲ. ಹೋದ ಮೇಲೆ ಏನು ಮಾಡಬೇಕೆಂಬುದನ್ನು ಮಾತ್ರ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ.

ಸಭಾ ಹಿರಿಯರು, ಮಹಿಳಾ ಕೂಟದವರು, ಯುವಜನರ ಕೂಟದವರು ಓದಲಿ ಎಂದು ಇದನ್ನು ಬರೆದಿದ್ದೇನೆ. ನಾನು ಪ್ರಾಟೆಸ್ಟೆಂಟ್ ಸಭೆಯಲ್ಲಿ ಬೆಳೆದವನು, ಆದ್ದರಿಂದ ಮಾತುಗಳು ಆ ಕಡೆಯವು. ಕಥೋಲಿಕ ಧರ್ಮಕೇಂದ್ರಗಳಲ್ಲಿ ಈ ಕೆಲಸಕ್ಕೆ ಹೆಚ್ಚು ಗಟ್ಟಿಯಾದ ಏರ್ಪಾಡು ಇದೆ. ಮಂಗಳೂರು ಕಡೆಯಲ್ಲಿ ಒಂದೊಂದು ವಾಡೊಗೆ, ಅಂದರೆ ಧರ್ಮಕೇಂದ್ರದ ಒಂದೊಂದು ವಿಭಾಗಕ್ಕೆ, ಒಬ್ಬ ಗುರ್ಕಾರ್ ಅಂದರೆ ಮುಖಂಡ ಇರುತ್ತಾರೆ. ಎಷ್ಟೋ ಧರ್ಮಕೇಂದ್ರಗಳಲ್ಲಿ 1833ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಘಟಕವಿದ್ದು, ಅದರ ಸದಸ್ಯರು ಇಬ್ಬಿಬ್ಬರಾಗಿ ಬಡವರ ಮನೆಗೆ ಹೋಗುವುದನ್ನೇ ಮುಖ್ಯ ಕೆಲಸವಾಗಿ ಇಟ್ಟುಕೊಂಡಿದ್ದಾರೆ. ಅವರಿಂದ ನಾವು ಕಲಿಯಬೇಕಾದದ್ದಿದೆ.

ಮೊದಲು ಒಂದು ಮಾತು. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯವನ್ನು ತೆಗೆದು ನೋಡಿರಿ. ಆದಿಸಭೆಯಲ್ಲಿ ಎದ್ದ ಮೊದಲ ದೊಡ್ಡ ಗುಣುಗುಟ್ಟುವಿಕೆ ದಿನದಿನದ ಆಹಾರ ಹಂಚಿಕೆಯದು: ಗ್ರೀಕ್ ಮಾತನಾಡುವ ವಿಧವೆಯರಿಗೆ ಪಾಲು ಸರಿಯಾಗಿ ಸಿಗುತ್ತಿರಲಿಲ್ಲ. ಅದಕ್ಕೆಂದೇ ಏಳು ಜನರನ್ನು ಆರಿಸಿ, ಅವರ ಮೇಲೆ ಕೈಯಿಟ್ಟು ಪ್ರಾರ್ಥಿಸಿ ನೇಮಿಸಿದರು. ಊಟ ಬಡಿಸುವ ಕೆಲಸಕ್ಕೂ ಹಸ್ತಾರ್ಪಣೆ ಬೇಕು ಎಂದು ಅವರಿಗೆ ಅನ್ನಿಸಿತ್ತು. ಪ್ರಾರ್ಥನೆ ಒಂದು ಕಡೆ, ಅಕ್ಕಿಬೇಳೆ ಇನ್ನೊಂದು ಕಡೆ ಎಂದು ಭಾಗ ಮಾಡಿಕೊಂಡವರು ನಾವು.

ಹೋಗುವ ಮುಂಚೆ

ಕೇಳಿ ಹೋಗಿರಿ. ಯಾಕೋಬನ ಪತ್ರಿಕೆಯ 5:14 ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ: ಕಾಯಿಲೆಯವನು ಸಭೆಯ ಹಿರಿಯರನ್ನು ಕರೆಯಿಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ. ಅಲ್ಲಿ ಕರೆಯಿಸುವವನು ಕಾಯಿಲೆಯವನೇ. ಹಿರಿಯರು ತಾವಾಗಿ ಹತ್ತು ಜನರನ್ನು ಕೂಡಿಸಿಕೊಂಡು ಹೋಗಿ ಹಾಸಿಗೆಯ ಸುತ್ತ ನಿಲ್ಲಬೇಕೆಂದು ಅಲ್ಲಿ ಬರೆದಿಲ್ಲ. ಹಿಂದಿನ ದಿನ ಫೋನ್ ಮಾಡಿ, ಬರಬಹುದೇ, ಯಾವ ಹೊತ್ತು ಅನುಕೂಲ ಎಂದು ಕೇಳಿರಿ. ಬೇಡ ಎಂದರೆ ಬೇಡ. ಅದನ್ನು ನಂಬಿಕೆಯ ಕೊರತೆ ಎಂದು ಲೆಕ್ಕ ಹಾಕಬೇಡಿರಿ.

ಇಬ್ಬರು ಸಾಕು, ಅವರಲ್ಲಿ ಒಬ್ಬರು ಹೆಂಗಸಾಗಿರಲಿ. ಆ ಮನೆಯ ಬಂಧುಗಳು, ಅವರಿಗೆ ಸಾಲ ಕೊಟ್ಟವರು, ಅವರ ಬಾಡಿಗೆ ಮನೆಯ ಮಾಲೀಕರು ಸಭೆಯ ಹಿರಿಯರೇ ಆಗಿದ್ದರೂ ಆ ದಿನ ಹೋಗದಿರುವುದು ಒಳ್ಳೆಯದು. ಊಟದ ಹೊತ್ತಿಗೆ ಹೋಗಬಾರದು. ಹೋದರೆ ಆ ಮನೆಯವರು ನಿಮಗೂ ಅಡುಗೆ ಮಾಡಲು ಏಳುತ್ತಾರೆ. ಅರ್ಧ ಗಂಟೆಗಿಂತ ಹೆಚ್ಚು ಕೂರಬೇಡಿರಿ.

ಸಭೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುವ ಪ್ರಾರ್ಥನಾ ವಿನಂತಿಯ ವಿಚಾರವಾಗಿ ಸ್ವಲ್ಪ ಕಟ್ಟುನಿಟ್ಟು ಬೇಕು. ‘ಒಂದು ಕುಟುಂಬಕ್ಕಾಗಿ ಪ್ರಾರ್ಥಿಸಿರಿ’ ಎಂದಷ್ಟೇ ಬರೆದರೆ ದೇವರಿಗೆ ಯಾರೆಂದು ತಿಳಿಯುತ್ತದೆ. ಹೆಸರು, ಆಸ್ಪತ್ರೆ, ರೋಗ, ವಾರ್ಡ್ ಸಂಖ್ಯೆ ಇವೆಲ್ಲ ಬೇಕಾಗಿರುವುದು ದೇವರಿಗಲ್ಲ, ನಮಗೆ.

ಆಸ್ಪತ್ರೆಯಲ್ಲಿರುವವರನ್ನು ನೋಡಲು ಹೋಗುವುದಾದರೆ ರೋಗಿಗಿಂತ ಮೊದಲು ಜೊತೆಗಿರುವವರನ್ನು ವಿಚಾರಿಸಿರಿ. ಅವರು ಸ್ನಾನ ಮಾಡಿ ಎಷ್ಟು ದಿನವಾಗಿದೆಯೋ. ಫ್ಲಾಸ್ಕಿನಲ್ಲಿ ಬಿಸಿನೀರು, ಮೊಬೈಲ್ ಚಾರ್ಜರ್, ಹೊದಿಕೆ, ಮನೆಯಲ್ಲಿ ಉಳಿದ ಮಕ್ಕಳಿಗೆ ಊಟ, ಒಂದು ರಾತ್ರಿ ಅವರ ಬದಲು ಕಾಯಲು ಒಬ್ಬ ಮನುಷ್ಯ. ಹಣ್ಣಿನ ಬುಟ್ಟಿಗಿಂತ ಇವು ಮೇಲು.

ಒಳಗೆ ಹೋದ ಮೇಲೆ

ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಮೂವರು ಸ್ನೇಹಿತರನ್ನು ನಾವು ಬಯ್ಯುವುದೇ ಹೆಚ್ಚು. ಆದರೆ ಅವರು ಬಂದು ಏಳು ದಿನ, ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಅವನ ಜೊತೆ ಕುಳಿತಿದ್ದರು ಎಂದು ಎರಡನೆಯ ಅಧ್ಯಾಯದಲ್ಲಿದೆ. ಅಲ್ಲಿಯವರೆಗೆ ಅವರದು ಒಳ್ಳೆಯ ಭೇಟಿಯೇ. ಬಾಯಿ ತೆರೆದು ಕಾರಣ ಹೇಳತೊಡಗಿದ ಮೇಲೆ ಕೆಟ್ಟಿತು.

ಕೆಲವು ಮಾತುಗಳನ್ನು ಹೊಸ್ತಿಲ ಹೊರಗೇ ಬಿಟ್ಟು ಹೋಗಿರಿ. ‘ಇದೆಲ್ಲ ದೇವರ ಚಿತ್ತ.’ ‘ದೇವರು ನಿಮ್ಮನ್ನು ಪರೀಕ್ಷಿಸುತ್ತಿದ್ದಾನೆ.’ ‘ನಂಬಿಕೆಯಿಂದ ಕೇಳಿದ್ದರೆ ಸಿಗುತ್ತಿತ್ತು.’ ‘ನಮ್ಮ ಅತ್ತೆಗೂ ಇದೇ ಕಾಯಿಲೆ, ಮೂರು ತಿಂಗಳೂ ಇರಲಿಲ್ಲ.’ ಮೊದಲ ಮೂರು ಭಕ್ತಿಯ ಮಾತುಗಳಂತೆ ಕಾಣುತ್ತವೆ, ಆದರೆ ಕೇಳುವವರಿಗೆ ನಾಲ್ಕನೆಯದರಷ್ಟೇ ಚುಚ್ಚುತ್ತವೆ. ಹುಟ್ಟುಕುರುಡನನ್ನು ಕಂಡು ಪಾಪ ಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಶಿಷ್ಯರು ಕೇಳಿದಾಗ ಯೇಸು ಇಬ್ಬರೂ ಅಲ್ಲ ಎಂದದ್ದು ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿದೆ. ಆ ಪ್ರಶ್ನೆಯನ್ನು ನಾವು ಮತ್ತೆ ಎತ್ತುವುದೇಕೆ?

ಓದಲು ಆರಿಸುವ ವಾಕ್ಯಭಾಗಕ್ಕೂ ಯೋಚನೆ ಬೇಕು. 23ನೆಯ ಕೀರ್ತನೆ ಎಲ್ಲ ಮನೆಗೂ ಹೊಂದುತ್ತದೆ. 91ನೆಯದು ಹಾಗಲ್ಲ. ಯಾವ ಕೇಡೂ ನಿನ್ನ ಗುಡಾರದ ಬಳಿ ಬಾರದು ಎಂಬ ಅರ್ಥದ ಮಾತು ಅದರಲ್ಲಿದೆ. ಮಗುವನ್ನು ಕಳೆದುಕೊಂಡ ಮನೆಯಲ್ಲಿ ಅದನ್ನು ಓದಿದರೆ ಆ ತಾಯಿ ಏನೆಂದುಕೊಳ್ಳಬೇಕು? ಅಂಥಲ್ಲಿ 13, 130 ಇವೆ. 88 ಇದೆ, ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಸ್ತುತಿಯ ಸಾಲೂ ಇಲ್ಲ. ಅಂಥದ್ದೂ ದೇವರ ವಾಕ್ಯದಲ್ಲಿದೆ ಎಂದು ತಿಳಿಯುವುದೇ ಕೆಲವರಿಗೆ ಆಸರೆಯಾಗುತ್ತದೆ.

ಪ್ರಾರ್ಥನೆ ಕೊನೆಯಲ್ಲಿರಲಿ, ಚಿಕ್ಕದಾಗಿರಲಿ. ಯಾವುದಕ್ಕಾಗಿ ಪ್ರಾರ್ಥಿಸಬೇಕೆಂದು ಅವರನ್ನೇ ಕೇಳಿರಿ. ನೀವು ಗುಣವಾಗಲಿ ಎಂದು ಬೇಡಲು ಸಿದ್ಧರಾಗಿ ಹೋಗಿರುತ್ತೀರಿ, ಅವರಿಗೆ ಬೇಕಾಗಿರುವುದು ಇವತ್ತು ರಾತ್ರಿ ನಿದ್ದೆ. ಇನ್ನೊಂದು ಕೆಟ್ಟ ಅಭ್ಯಾಸ ನಮ್ಮಲ್ಲಿ ಬೇರೂರಿದೆ: ನೇರವಾಗಿ ಹೇಳಲಾರದ್ದನ್ನು ಕಣ್ಣು ಮುಚ್ಚಿಕೊಂಡು ಹೇಳುವುದು. ‘ಕರ್ತನೇ, ಈ ಸಹೋದರನು ದುಡಿದದ್ದನ್ನು ಮನೆಗೆ ತರುವಂತೆ ಅವನ ಹೃದಯವನ್ನು ಮುಟ್ಟು’ ಎಂದರೆ ಅದು ಪ್ರಾರ್ಥನೆಯಲ್ಲ, ಎದುರು ಮಾತನಾಡಲು ಬಿಡದ ಬೈಗುಳ.

ಮಾತ್ರೆ ನಿಲ್ಲಿಸಿರಿ ಎಂದು ಯಾರೂ ಯಾರಿಗೂ ಹೇಳಬಾರದು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೂರ್ಛೆರೋಗ, ಮನೋರೋಗ ಯಾವುದೇ ಇರಲಿ, ಪ್ರಾರ್ಥನೆಯಾದ ಮೇಲೆ ಗುಳಿಗೆ ಯಾಕೆ ಎನ್ನುವವರು ಆ ಮನೆಗೆ ಬರುತ್ತಿದ್ದಾರೆಯೇ ಎಂದು ಮೆಲ್ಲಗೆ ವಿಚಾರಿಸಿರಿ. ಪೌಲನ ಜೊತೆಗಾರ ಲೂಕನು ವೈದ್ಯ. ತಿಮೊಥೆಯನ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೊಳ್ಳೆಂದು ಪೌಲನೇ ಬರೆದ. ಒಡವೆ ಅಡವಿಟ್ಟು ‘ಬಿತ್ತನೆಯ ಕಾಣಿಕೆ’ ಕಳುಹಿಸಿದರೆ ಗುಣವಾಗುತ್ತದೆ ಎನ್ನುವವರ ವಿಷಯವನ್ನು ಮಾತ್ರ ಮೆಲ್ಲಗೆ ವಿಚಾರಿಸುವ ಅಗತ್ಯವಿಲ್ಲ, ಗಟ್ಟಿಯಾಗಿಯೇ ಬೇಡವೆನ್ನಿರಿ.

ಹಣದ ಮಾತು

ಚಿಕಿತ್ಸೆಯ ಖರ್ಚಿನಿಂದ ತೊಂದರೆಯಾಗಿದ್ದರೆ ಸಭೆಯಲ್ಲಿ ಕಾಣಿಕೆ ಎತ್ತುವ ಮುಂಚೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯನ್ನು ವಿಚಾರಿಸಿರಿ. ಬಿಪಿಎಲ್ ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ವೆಚ್ಚದ ಶೇ. 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತುರ್ತು ಸಂದರ್ಭ ಬಿಟ್ಟರೆ ದೊಡ್ಡ ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕು. ಈ ಕಾಗದಪತ್ರಕ್ಕೆ ಓಡಾಡಲು ಮನೆಯವರಿಗೆ ಶಕ್ತಿ ಇರುವುದಿಲ್ಲ. ಯುವಜನರ ಕೂಟದಲ್ಲಿ ಒಬ್ಬ ಹುಡುಗ ಬೈಕ್ ತೆಗೆದುಕೊಂಡು ಎರಡು ದಿನ ತಿರುಗಿದರೆ, ಸಭೆ ಒಂದು ವರ್ಷದಲ್ಲಿ ಎತ್ತಬಹುದಾದ ಕಾಣಿಕೆಗಿಂತ ಹೆಚ್ಚು ನೆರವಾದೀತು.

ಸಭೆಯ ಬಡವರ ನಿಧಿಯಿಂದ ಕೊಡುವುದಾದರೆ ದಾನವಾಗಿ ಕೊಡಿರಿ, ಸಾಲವಾಗಿ ಬೇಡ. ಸಭೆಯಿಂದ ಸಾಲ ಪಡೆದವರು ಕಂತು ತಪ್ಪಿದ ದಿನದಿಂದ ಆರಾಧನೆಗೆ ಬರುವುದನ್ನೇ ಬಿಡುತ್ತಾರೆ. ಆದಷ್ಟು ಮಟ್ಟಿಗೆ ಔಷಧದಂಗಡಿಗೆ, ಶಾಲೆಗೆ ನೇರವಾಗಿ ಕಟ್ಟಿರಿ. ಇಬ್ಬರ ಸಹಿ, ಒಂದು ರಸೀದಿ, ವಾರ್ಷಿಕ ವರದಿಯಲ್ಲಿ ಹೆಸರಿಲ್ಲದೆ ಒಟ್ಟು ಮೊತ್ತ. ಚೆಕ್ ಕೊಡುವ ಫೋಟೋ ಬೇಡವೇ ಬೇಡ. ಬ್ಯಾಂಕಿನ ಸಾಲಕ್ಕೆ ಸಭೆಯ ಮುಖಂಡರು ವೈಯಕ್ತಿಕವಾಗಿ ಜಾಮೀನು ನಿಲ್ಲುವುದೂ ಬೇಡ. ಜ್ಞಾನೋಕ್ತಿ 17:18 ಈ ವಿಷಯದಲ್ಲಿ ನಮ್ಮ ಅನೇಕ ಹಿರಿಯರಿಗಿಂತ ಜಾಣತನದ್ದು.

ಸಂಘದ ಸಾಲ, ಮೈಕ್ರೋಫೈನಾನ್ಸ್ ಸಾಲ ಈಗ ಸಾಮಾನ್ಯ. ಒಂದೇ ಮನೆಯ ಹೆಂಗಸಿನ ಹೆಸರಿನಲ್ಲಿ ಮೂರು ನಾಲ್ಕು ಕಡೆ ಸಾಲವಿರುತ್ತದೆ, ಗಂಡನಿಗೆ ಒಂದರ ವಿಷಯ ಮಾತ್ರ ತಿಳಿದಿರುತ್ತದೆ. ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆಸಿರಿ: ಯಾರಿಂದ, ಎಷ್ಟು, ಕಂತು ಯಾವ ವಾರ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ಅದರ ಮಾಸಿಕ ಆದಾಯದ ಅರ್ಧವನ್ನು ಮೀರಬಾರದು. ವಸೂಲಿಗಾರರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡಿ ಕಾಡುವಂತಿಲ್ಲ, ಬೆದರಿಸುವಂತಿಲ್ಲ. ಬಲವಂತದ ವಸೂಲಿಯನ್ನು ಅಪರಾಧವಾಗಿಸಿ ಕರ್ನಾಟಕದಲ್ಲಿ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯೂ ಬಂತು. ಬಾಗಿಲಲ್ಲಿ ಕುಳಿತು ಕೂಗಾಡುವವರ ಎದುರು ಸಭೆಯ ಇಬ್ಬರು ಹೋಗಿ ಸುಮ್ಮನೆ ನಿಂತರೂ ಧ್ವನಿ ಇಳಿಯುತ್ತದೆ.

ಸಾಲದ ಮನೆಯಲ್ಲಿ, ಕಾಯಿಲೆಯ ಮನೆಯಲ್ಲಿ ‘ಬದುಕಿ ಏನು ಪ್ರಯೋಜನ’ ಎಂಬ ಮಾತು ಬಂದರೆ ಅದನ್ನು ದಾಟಿಸಿ ಬೇರೆ ಮಾತಿಗೆ ಹೋಗಬೇಡಿರಿ. ಸಾಯಬೇಕು ಅನ್ನಿಸುತ್ತಿದೆಯೇ ಎಂದು ನೇರವಾಗಿ ಕೇಳಿರಿ. ಕೇಳಿದರೆ ಅಂಥ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂಬುದು ಸುಳ್ಳು. ಒಬ್ಬರನ್ನೇ ಬಿಟ್ಟು ಬರಬೇಡಿರಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲಿ ಮಾತನಾಡುತ್ತಾರೆ. ಪ್ರವಾದಿ ಎಲೀಯನು ಜಾಲಿಗಿಡದ ಕೆಳಗೆ ಕುಳಿತು ಸಾವನ್ನು ಬೇಡಿದಾಗ ದೂತನು ಉಪದೇಶ ಮಾಡಲಿಲ್ಲ. ರೊಟ್ಟಿ ಮತ್ತು ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ.

ಗಂಡಹೆಂಡಿರ ನಡುವೆ

ಇಲ್ಲಿ ಎರಡು ಬಗೆಯ ಮನೆಗಳಿವೆ. ಅವುಗಳನ್ನು ಬೇರೆ ಮಾಡಿ ನೋಡದಿದ್ದರೆ ನಮ್ಮ ಭೇಟಿಯೇ ಅಪಾಯ ತರುತ್ತದೆ.

ಮೊದಲನೆಯದು ಸಾಮಾನ್ಯ ಜಗಳದ ಮನೆ. ಅತ್ತೆಯ ಮಾತು, ತವರಿಗೆ ಕಳುಹಿಸಿದ ಹಣ, ಯಾವಾಗಲೂ ಕೈಯಲ್ಲಿರುವ ಮೊಬೈಲ್, ಗಂಡ ಕೊಲ್ಲಿಯಲ್ಲಿ ದುಡಿಯುತ್ತ ಎರಡು ವರ್ಷಕ್ಕೊಮ್ಮೆ ಬರುವುದು. ಇಲ್ಲಿ ಹಿರಿಯರು ತೀರ್ಪು ಕೊಡಬೇಕಾಗಿಲ್ಲ. ಒಬ್ಬೊಬ್ಬರ ಮಾತನ್ನೂ ಪೂರ್ತಿ ಕೇಳಿ, ಒಂದೇ ಒಂದು ವಿಷಯವನ್ನು ಒಂದು ತಿಂಗಳು ಸರಿಪಡಿಸಿಕೊಳ್ಳಲು ಹೇಳಿದರೆ ಸಾಕು. ಪುರುಷನು ತಂದೆತಾಯಿಗಳನ್ನು ಬಿಟ್ಟು ಹೆಂಡತಿಯನ್ನು ಸೇರಿಕೊಳ್ಳುವನು ಎಂದು ಆದಿಕಾಂಡ 2:24ರಲ್ಲಿದೆ. ಮದುವೆಯ ದಿನ ಎಲ್ಲರೂ ಕೇಳುವ ಈ ವಾಕ್ಯವನ್ನು ಗಂಡಿನ ತಾಯಿಗೂ ಒಮ್ಮೆ ಬಿಡಿಸಿ ಹೇಳುವುದು ಒಳ್ಳೆಯದು.

ಎರಡನೆಯದು ಹೊಡೆತದ ಮನೆ. ಹೊಡೆತ ಇದೆ ಎಂದು ತಿಳಿದ ಕೂಡಲೇ ಇಬ್ಬರನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸುವ ಪದ್ಧತಿಯನ್ನು ನಿಲ್ಲಿಸಬೇಕು. ಅವನ ಎದುರು ಅವಳು ನಿಜ ಹೇಳಲಾರಳು. ಹೇಳಿದರೆ ನೀವು ಗೇಟು ದಾಟುವ ಮುಂಚೆಯೇ ಅದರ ಬೆಲೆ ತೆರುತ್ತಾಳೆ. ಮಹಿಳಾ ಕೂಟದ ಒಬ್ಬರು ಅವಳನ್ನು ಬೇರೆಯಾಗಿ, ಮನೆಯ ಹೊರಗೆ, ಬೇರೆ ನೆಪದಲ್ಲಿ ಕಾಣಲಿ. ಅವಳು ಹೇಳಿದ್ದನ್ನು ನಂಬಿರಿ. ಕ್ಷಮಿಸು ಎಂದು ಅವಳಿಗೆ ಮೊದಲು ಹೇಳಬೇಡಿರಿ; ಕ್ಷಮೆಯ ಮಾತು ಅವಳಿಂದ ತಾನಾಗಿ ಬರಲಿ. ಕ್ಷಮಿಸಿದ ಮೇಲೂ ಅದೇ ಮನೆಗೆ ಮರಳಬೇಕೆಂಬ ನಿಯಮವಿಲ್ಲ.

ಎಫೆಸದವರಿಗೆ ಬರೆದ ಪತ್ರಿಕೆಯ 5:22ನ್ನು, ಹೆಂಡತಿಯರೇ ಗಂಡಂದಿರಿಗೆ ಅಧೀನರಾಗಿರಿ ಎಂಬುದನ್ನು, ಇಂಥ ಮನೆಗಳಲ್ಲಿ ಗಂಡನೇ ಮೊದಲು ಎತ್ತುತ್ತಾನೆ. ಅವನಿಗೆ ಇಡೀ ಸತ್ಯವೇದದಲ್ಲಿ ಅದೊಂದೇ ವಾಕ್ಯ ಬರುತ್ತದೆ ಎಂದು ಎಷ್ಟೋ ಸಲ ಅನ್ನಿಸಿದೆ. ಅದರ ಹಿಂದಿನ ವಾಕ್ಯದಲ್ಲಿ ಒಬ್ಬರಿಗೊಬ್ಬರು ಅಧೀನರಾಗಿರಿ ಎಂದಿದೆ. ಮೂರು ವಾಕ್ಯಗಳಾಚೆ, ಕ್ರಿಸ್ತನು ಸಭೆಗಾಗಿ ತನ್ನನ್ನೇ ಒಪ್ಪಿಸಿಕೊಟ್ಟಂತೆ ಗಂಡನು ಹೆಂಡತಿಯನ್ನು ಪ್ರೀತಿಸಬೇಕೆಂದಿದೆ. ವಿವಾಹ ವಿಚ್ಛೇದನವನ್ನು ದೇವರು ಹಗೆಮಾಡುತ್ತಾನೆ ಎಂದು ಮಲಾಕಿ 2:16ನ್ನು ತೋರಿಸುವವರು ಅದೇ ವಾಕ್ಯದಲ್ಲಿ ಹಿಂಸೆಯ ವಿರುದ್ಧವಾಗಿಯೂ ಮಾತಿದೆ ಎಂಬುದನ್ನು ಓದದೆ ನಿಲ್ಲಿಸುತ್ತಾರೆ.

ಕಥೋಲಿಕರಲ್ಲಿ ಮದುವೆ ಬಿಡಿಸಲಾಗದ ಸಂಸ್ಕಾರ. ಹಾಗಿದ್ದೂ 1983ರ ಧರ್ಮಸಭಾ ಕಾನೂನಿನ 1153ನೆಯ ವಿಧಿಯಂತೆ, ಸಂಗಾತಿಯಿಂದ ದೇಹಕ್ಕೋ ಆತ್ಮಕ್ಕೋ ಗಂಭೀರ ಅಪಾಯವಿದ್ದರೆ ಬೇರೆ ಇರಲು ನ್ಯಾಯವಾದ ಕಾರಣವಿದೆ. ತಡಮಾಡಿದರೆ ಅಪಾಯ ಎನ್ನುವಾಗ ಬಿಷಪರ ಅನುಮತಿಗೂ ಕಾಯಬೇಕಾಗಿಲ್ಲ. ನಾಡಿನ ಕಾನೂನಿನಲ್ಲಿ ಕ್ರೈಸ್ತ ಹೆಂಡತಿಗೆ ಈ ನ್ಯಾಯ ತಡವಾಗಿ ಸಿಕ್ಕಿತು. 1869ರ ವಿಚ್ಛೇದನ ಕಾಯಿದೆಯಡಿ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕಾಗಿತ್ತು. ಹೆಂಡತಿಗೆ ಗಂಡನ ಕ್ರೌರ್ಯವೊಂದೇ ಕಾರಣವಾಗಿ ಸಾಲುತ್ತಿರಲಿಲ್ಲ. 2001ರ ತಿದ್ದುಪಡಿಯಿಂದ ಅದು ಬದಲಾಯಿತು.

ಕೈಗೆಟುಕುವ ದಾರಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿರಿ, ಆದರೆ ಚೀಟಿಯನ್ನು ಅವಳ ಚೀಲದಲ್ಲಿ ಇಡಬೇಡಿರಿ. ತುರ್ತಿಗೆ 112. ಮಹಿಳಾ ಸಹಾಯವಾಣಿ 181. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯಂತೆ ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಅವಳ ನೆರವಿಗೆ ನಿಲ್ಲಬೇಕಾದ ಸಂರಕ್ಷಣಾಧಿಕಾರಿಗಳು. ಆ ಕಾಯಿದೆಯಡಿ ಅವಳಿಗೆ ಗಂಡನ ಮನೆಯಲ್ಲಿಯೇ ವಾಸಿಸುವ ಹಕ್ಕೂ ಇದೆ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ, ಸಂಖ್ಯೆ 15100. ಇವೆಲ್ಲಕ್ಕಿಂತ ಮೊದಲು ಸಭೆ ಮಾಡಬಹುದಾದದ್ದು, ಯಾವ ಹೊತ್ತಿನಲ್ಲಿ ಬಂದರೂ ಮಕ್ಕಳೊಡನೆ ಅವಳನ್ನು ಒಳಗೆ ಕರೆದುಕೊಳ್ಳುವ ಒಂದು ಮನೆಯನ್ನು ಗೊತ್ತುಮಾಡಿ ಇಡುವುದು. ಗಂಡ ಸಭೆಯ ಖಜಾಂಚಿಯೇ ಆಗಿದ್ದರೂ ಸರಿ. ಆಗಿದ್ದರಂತೂ ಮೊದಲು ಅವನನ್ನು ಆ ಸ್ಥಾನದಿಂದ ಇಳಿಸಿರಿ.

ಕುಡಿತ

ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತು ‘ಇವತ್ತಿನಿಂದ ಮುಟ್ಟುವುದಿಲ್ಲ’ ಎಂದು ಪ್ರಮಾಣ ಮಾಡುವುದನ್ನು, ಎಲ್ಲರೂ ಹಲ್ಲೆಲೂಯಾ ಎನ್ನುವುದನ್ನು ನೋಡಿದ್ದೇವೆ. ಸಂತೋಷವೇ. ಆದರೆ ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವನು ಒಮ್ಮೆಗೇ ನಿಲ್ಲಿಸಿದರೆ ಮೊದಲು ಕೈನಡುಕ, ಬೆವರು. ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಇಲ್ಲದ್ದು ಕಾಣಿಸಿ ಪ್ರಜ್ಞೆ ತಪ್ಪುವ ಸ್ಥಿತಿ ಬರಬಹುದು. ಪ್ರಾಣವೂ ಹೋಗಬಹುದು. ಇದನ್ನು ದೆವ್ವದ ಕಾಟವೆಂದು ತಿಳಿದು ಉಪವಾಸ ಪ್ರಾರ್ಥನೆಗೆ ಕೂರಿಸುವುದು ಅವನನ್ನು ಕೊಂದಂತೆಯೇ. ಪ್ರಮಾಣ ಮಾಡಿದ ಮರುದಿನವೇ ವೈದ್ಯರ ಬಳಿ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಜಿಲ್ಲಾ ಆಸ್ಪತ್ರೆಗಳ ಮನೋರೋಗ ವಿಭಾಗದಲ್ಲಿ ಚಿಕಿತ್ಸೆ ಇದೆ. ವ್ಯಸನಮುಕ್ತಿ ಸಹಾಯವಾಣಿ 14446.

ಆಮೇಲೆ ಅವನು ಜಾರಬಹುದು, ಒಮ್ಮೆಯಲ್ಲ, ಹಲವು ಸಲ. ಸಾಕ್ಷಿ ಹೇಳಿಸುವ ಆತುರ ಬೇಡ. ಮೊದಲ ವರ್ಷದಲ್ಲೇ ವೇದಿಕೆ ಹತ್ತಿಸಿದವನು ಜಾರಿದರೆ ಮತ್ತೆ ಮುಖ ತೋರಿಸಲಾರ. ಮದ್ಯವ್ಯಸನಿಗಳ ಅನಾಮಿಕ ಬಳಗವಾದ ಎಎ ಊರೂರುಗಳಲ್ಲಿದೆ, ಅದರ ಕೂಟಗಳಿಗೆ ಎಷ್ಟೋ ಚರ್ಚುಗಳು ಕೊಠಡಿ ಬಿಟ್ಟುಕೊಟ್ಟಿವೆ. ನಿಮ್ಮ ಸಭಾಭವನ ವಾರದ ದಿನಗಳಲ್ಲಿ ಬೀಗ ಹಾಕಿಯೇ ಇರುತ್ತದಲ್ಲವೇ?

ಸಾವಿನ ಮನೆ

ಮೊದಲ ವಾರ ಜನಕ್ಕೆ, ಊಟಕ್ಕೆ ಕೊರತೆಯಿರುವುದಿಲ್ಲ. ಸಭೆ ನೆನಪಿಡಬೇಕಾದದ್ದು ಮೂರನೆಯ ತಿಂಗಳನ್ನು, ಮೊದಲ ಹುಟ್ಟುಹಬ್ಬವನ್ನು, ಮದುವೆಯ ವಾರ್ಷಿಕೋತ್ಸವದ ದಿನವನ್ನು. ಸತ್ತವರ ಹೆಸರನ್ನು ಬಾಯಿಬಿಟ್ಟು ಹೇಳಿರಿ. ಆ ಹೆಸರನ್ನು ಎತ್ತದಿರುವುದೇ ಮರ್ಯಾದೆ ಎಂದು ಎಲ್ಲರೂ ಅಂದುಕೊಂಡರೆ ಆ ಮನೆಯಲ್ಲಿ ಅದು ಎರಡನೆಯ ಸಾವಾಗುತ್ತದೆ.

ಕಾಗದದ ಕೆಲಸದಲ್ಲಿ ಒಬ್ಬರು ಜೊತೆಗಿರಲಿ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ವಿಧವಾ ವೇತನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಬಹುದು. ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ, 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ, ಮಕ್ಕಳಿದ್ದರೆ ಹೆಂಡತಿಗೆ ಮೂರನೆಯ ಒಂದು ಪಾಲು. ಉಳಿದದ್ದು ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ ಸಮನಾಗಿ. ಮೈದುನಂದಿರು ಬಂದು ‘ಕಾಗದಕ್ಕೆ ಸಹಿ ಹಾಕಿ ಅತ್ತಿಗೆ’ ಎನ್ನುವ ಹೊತ್ತಿಗೆ ಇದು ಅವಳಿಗೆ ತಿಳಿದಿರಬೇಕು.

ಮತ್ತೆ ಮತ್ತೆ ಹೋಗಲು

ಒಂದು ಮನೆಗೆ ಒಬ್ಬರನ್ನು ಹೊಣೆ ಮಾಡಿರಿ. ಎಲ್ಲರ ಹೊಣೆ ಎಂದರೆ ಯಾರೂ ಹೋಗುವುದಿಲ್ಲ. ಚಿಕ್ಕ ನೋಟ್‌ಪುಸ್ತಕದಲ್ಲಿ ಹೋದ ದಿನಾಂಕ ಮತ್ತು ಮುಂದೆ ಮಾಡಬೇಕಾದ ಕೆಲಸ ಇಷ್ಟನ್ನೇ ಬರೆದಿಡಿ. ಮನೆಯ ಗುಟ್ಟುಗಳಿಗೆ ಅದರಲ್ಲಿ ಜಾಗವಿಲ್ಲ. ಹೋಗುವವರೂ ದಣಿಯುತ್ತಾರೆ. ಸಭಾಪಾಲಕರು ಎರಡು ತಿಂಗಳಿಗೊಮ್ಮೆ ಅವರನ್ನು ಕೂರಿಸಿ ಅವರ ಮಾತನ್ನು ಕೇಳಬೇಕು, ವರದಿಯನ್ನಲ್ಲ.

ಡಿಸೆಂಬರ್ ಬಂದಾಗ ಕ್ರಿಸ್‌ಮಸ್ ಹಾಡು ಹಾಡುವ ಕ್ಯಾರಲ್ ತಂಡ ಮನೆಮನೆಗೆ ಹೊರಡುವ ಮುಂಚೆ ಈ ನೋಟ್‌ಪುಸ್ತಕವನ್ನು ತಂಡದ ಮುಂದಾಳುವಿಗೆ ತೋರಿಸಿರಿ. ಆ ವರ್ಷ ಸಾವಾದ ಮನೆಯವರನ್ನು ವಾರದ ಮುಂಚೆಯೇ ಕೇಳಬೇಕು: ಬರಬಹುದೇ, ಡ್ರಮ್ ಇಲ್ಲದೆ ಒಂದೇ ಹಾಡು ಹಾಡಿ ಹೋಗಬಹುದೇ, ಅಥವಾ ಈ ವರ್ಷ ಬೇಡವೇ. ಕಾಣಿಕೆ ಡಬ್ಬಿಯನ್ನು ಆ ಮನೆಯ ಮುಂದೆ ತೆಗೆಯಬೇಡಿರಿ.